ಗುಜರಿಯೋ, ರಿಪೇರಿ ಅಂಗಡಿಯೋ, ಹಳೇ ಮನೆಯ ಅಟ್ಟವೋ: ಹಳೆಯ ಹೊಲಿಗೆ ಮೆಷಿನ್, ಪಾತ್ರೆ ಎಲ್ಲಿ ಕೊಂಡರೆ ಸರಿ

ಶಿವಮೊಗ್ಗದಲ್ಲಾಗಲಿ ಸಾಗರ, ತೀರ್ಥಹಳ್ಳಿಗಳಲ್ಲಾಗಲಿ ಹಳೆಯ ಮನೆಬಳಕೆ ಸಾಮಾನನ್ನೇ ಸಾಲಾಗಿ ಜೋಡಿಸಿ ಮಾರುವ ಅಂಗಡಿ ಹುಡುಕಿದರೆ ನಿರಾಸೆಯೇ ಗತಿ. ಮಾಲು ಇದೆ, ಆದರೆ ಹಂಚಿಹೋಗಿದೆ. ಒಂದಷ್ಟು ಗುಜರಿ ಅಂಗಡಿಯ ರಾಶಿಯಲ್ಲಿ, ಒಂದಷ್ಟು ಪಾತ್ರೆ ಅಂಗಡಿಯ ಹಿಂಬದಿಯಲ್ಲಿ ಬದಲಿಗೆ ಬಂದ ಹಳೆಯ ಪಾತ್ರೆಗಳ ಗುಡ್ಡೆಯಲ್ಲಿ, ಒಂದಷ್ಟು ಹೊಲಿಗೆ ಮೆಷಿನ್ ರಿಪೇರಿಯವರ ಬಳಿ, ಮಿಕ್ಕಿದ್ದು ಇನ್ನೂ ಹಳೇ ಮನೆಗಳ ಅಟ್ಟದ ಮೇಲೆ. ಇತ್ತೀಚೆಗೆ ಓಎಲ್‌ಎಕ್ಸ್, ಫೇಸ್‌ಬುಕ್ಕಿನಲ್ಲೂ ಬರುತ್ತದೆ. ಈ ಐದೂ ಕಡೆ ಬೆಲೆ ಕಟ್ಟುವ ಲೆಕ್ಕವೇ ಬೇರೆ ಬೇರೆ. ಯಾವ ವಸ್ತುವನ್ನು ಯಾವ ಲೆಕ್ಕದವನ ಹತ್ತಿರ ಕೊಳ್ಳಬೇಕು ಅನ್ನುವುದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಗುಜರಿಯವನಿಗೆ ಎಲ್ಲವೂ ಕಿಲೋ. ಅವನ ಕಣ್ಣಿಗೆ ನಾಲ್ಕು ತಲೆಮಾರಿನ ಕಂಚಿನ ಗಂಗಾಳವೂ ಒಡೆದ ನಲ್ಲಿಯೂ ಒಂದೇ ತಕ್ಕಡಿಯ ಮಾಲು. ಹಾಗಾಗಿ ಕೆಲಸಗಾರಿಕೆ ಹೆಚ್ಚಿರುವ, ತೂಕ ಕಡಿಮೆ ಇರುವ ವಸ್ತು ಅಲ್ಲಿ ಅಗ್ಗ: ಚಕ್ಕುಲಿ ಒರಳು, ತಿರುಪಿನ ಕಾಲುದೀಪ, ಸಣ್ಣ ತಂಬಿಗೆ, ಸೇರು, ಪಾವು. ಮೊದಲು ಆ ದಿನದ ಹಿತ್ತಾಳೆ ರೇಟು ಕೇಳಿ. ಕೊಳ್ಳುವ ರೇಟು ಒಂದು, ಮಾರುವ ರೇಟು ಇನ್ನೊಂದು. ಎರಡರ ನಡುವಿನ ಅಂತರ ಅವನ ಲಾಭ, ಅದರ ಮೇಲೆ ಸ್ವಲ್ಪ ಸೇರಿಸಿ ಕೊಟ್ಟರೆ ಇಬ್ಬರಿಗೂ ಖುಷಿ. "ಇದು ಆ್ಯಂಟಿಕ್ಕಾ ಯಜಮಾನ್ರೇ?" ಎಂದು ಕೇಳಿದಿರೋ, ಕಿಲೋ ಲೆಕ್ಕ ಅಲ್ಲಿಗೇ ಮುಗಿಯಿತು.

ಪಾತ್ರೆ ಅಂಗಡಿಯವರು ಹಳೆಯದನ್ನು ಬದಲಿಗೆ ತೆಗೆದುಕೊಂಡಿರುತ್ತಾರೆ. ಒಳ್ಳೆಯ ತುಂಡನ್ನು ಅವರೇ ಆರಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಮುಂದಿನ ಸಾಲಿಗೆ ತಂದಿಟ್ಟಿರುತ್ತಾರೆ. ಬೆಲೆ ಗುಜರಿಗಿಂತ ಜಾಸ್ತಿ, ಆದರೆ ಲೋಹ ಯಾವುದೆಂಬ ಮಾತಿಗೆ ಸಾಮಾನ್ಯವಾಗಿ ಬೆಲೆ ಇರುತ್ತದೆ. ಹಂಡೆ, ಕೊಪ್ಪರಿಗೆಯಂಥ ದೊಡ್ಡ ಸಾಮಾನಿಗೆ ಇದೇ ವಾಸಿ: ಸೋರಿದರೆ ತಂದು ಕೇಳಲು ಒಂದು ಬಾಗಿಲು ಇರುತ್ತದೆ. ಹೊಲಿಗೆ ಮೆಷಿನ್ನಿಗೆ ರಿಪೇರಿ ಅಂಗಡಿಯೇ ಸರಿ, ಒಂದು ವಿನಾಯಿತಿ ಬಿಟ್ಟು. ಅದನ್ನು ಮುಂದೆ ಹೇಳುತ್ತೇವೆ. ಮರ, ಕಲ್ಲು, ಜಾಡಿ ಮಾತ್ರ ಮನೆಯಿಂದಲೇ ಬರಬೇಕು. ಗುಜರಿಯವರು ಅವನ್ನು ಕೊಳ್ಳುವುದೇ ಅಪರೂಪ, ಕೊಂಡರೂ ಲಾರಿಗೆ ಎಸೆಯುವಾಗ ಅಂಚು ಹಾರಿರುತ್ತದೆ.

ಕಾಲವೂ ಮುಖ್ಯ. ಮಲೆನಾಡಿನಲ್ಲಿ ಹಳೇ ಮನೆ ಬಿಚ್ಚುವ, ಹೆಂಚು ಇಳಿಸುವ ಕೆಲಸವೆಲ್ಲ ಮಳೆ ಹಿಡಿಯುವ ಮುಂಚೆ. ಅಟ್ಟ ಖಾಲಿಯಾಗುವುದೂ ಆಗಲೇ. ಫೆಬ್ರವರಿಯಿಂದ ಮೇ ತನಕ ನೋಡಿದಷ್ಟು ಮಾಲು ಆಷಾಢದಲ್ಲಿ ನೋಡಲಾಗದು. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿರುತ್ತದೆ, ಕಬ್ಬಿಣ ರಾತ್ರೋರಾತ್ರಿ ಕೆಂಪಾಗುತ್ತದೆ; ಆಗ ದೋಷ ಯಾವುದು, ಹವೆಯ ಗುಣ ಯಾವುದು ಎಂದು ಬೇರ್ಪಡಿಸುವುದೇ ಕಷ್ಟ.

ಹೊಲಿಗೆ ಮೆಷಿನ್

ಇಲ್ಲಿ ಸಿಗುವ ಹಳೆಯ ಮೆಷಿನ್‌ಗಳು ಹೆಚ್ಚಾಗಿ ಎರಡು ಗುಂಪು. ಒಂದು, ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಿಂದ ಬಂದ ಸಿಂಗರ್. ಇನ್ನೊಂದು, 1930ರ ದಶಕದಲ್ಲಿ ಕೋಲ್ಕತ್ತದಲ್ಲಿ ಶುರುವಾದ ಉಷಾ, ಮತ್ತು ಅದರ ಹಾಗೇ ಕಾಣುವ ಇತರ ದೇಶೀ ಮೆಷಿನ್‌ಗಳು. ಹೊಲಿಯಲು ಬೇಕು ಎನ್ನುವವರಿಗೆ ನಮ್ಮ ಸಲಹೆ ಉಷಾ, ಇಲ್ಲವೇ ಸಿಂಗರ್ 15ನೇ ಕ್ಲಾಸ್. ಕಾರಣ ಇಷ್ಟೇ: ಕೆಳಗಿನ ದಾರ ಸುತ್ತಿಡುವ ಗುಂಡನೆಯ ಬಾಬಿನ್, ಅದು ಕೂರುವ ಬಾಬಿನ್ ಕೇಸ್, ಒಂದು ಬದಿ ಚಪ್ಪಟೆಯಾದ ಸೂಜಿ ಇವೆಲ್ಲ ಯಾವುದೇ ತಾಲೂಕು ಕೇಂದ್ರದ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. ಸಿಂಗರ್ 27, 28, 127, 128 ನಂಬರಿನವುಗಳಲ್ಲಿ ಬಾಬಿನ್ ಉದ್ದ ಕಡ್ಡಿಯ ಹಾಗಿದ್ದು, ದೋಣಿಯಾಕಾರದ ಶಟಲ್ ಒಳಗೆ ಕೂರುತ್ತದೆ. ನೋಡಲು ಇವೇ ಚೆಂದ. ಸೂಜಿ ಮಾಮೂಲಿಯದೇ ಆಗುತ್ತದೆ, ಆದರೆ ಶಟಲ್ ಕಳೆದಿದ್ದರೆ ಶಿವಮೊಗ್ಗದಲ್ಲಿ ಸಿಗುವ ಆಸೆ ಬೇಡ, ಆನ್‌ಲೈನಿನಲ್ಲೇ ತರಿಸಬೇಕು. ಆದ್ದರಿಂದ ಇಂಥದನ್ನು ನೋಡಿದ ಕೂಡಲೇ ಎಡಗಡೆಯ ಜಾರುತಟ್ಟೆ ಸರಿಸಿ, ಶಟಲ್ಲೂ ಅದರೊಳಗೆ ಕನಿಷ್ಠ ಒಂದು ಬಾಬಿನ್ನೂ ಇದೆಯೇ ನೋಡಿ. ಇಲ್ಲದಿದ್ದರೆ ಅದು ಷೋಕೇಸಿನ ವಸ್ತು, ಆ ಬೆಲೆಗೇ ಕೇಳಿ.

ಸಿಂಗರ್ ಎಷ್ಟು ಹಳೆಯದು ಎಂದು ತಿಳಿಯಲು ಮಾರುವವನ ಮಾತು ಬೇಕಿಲ್ಲ. ಬಲಗಡೆ, ಕಂಬದ ಬುಡದಲ್ಲಿ ಸೀರಿಯಲ್ ನಂಬರ್ ಒತ್ತಿರುತ್ತದೆ. ಮುಂದೆ ಅಕ್ಷರವೇ ಇಲ್ಲದೆ ಬರೀ ಅಂಕಿ ಇದ್ದರೆ 1900ಕ್ಕಿಂತ ಹಿಂದಿನದು. 'ಎಫ್' ಇದ್ದರೆ 1910ರ ನಂತರದ ಕ್ಲೈಡ್‌ಬ್ಯಾಂಕ್. 'ಇಎ', 'ಇಬಿ' ಹೀಗೆ 'ಇ'ಯಿಂದ ಶುರುವಾಗುವ ಜೋಡಿ ಅಕ್ಷರ ಇದ್ದರೆ 1935ರಿಂದ ಈಚಿನದು. "ಬ್ರಿಟಿಷರ ಕಾಲದ್ದು, ಲಕ್ಷ ಬಾಳ್ತದೆ" ಎನ್ನುವವರಿಗೆ ನಕ್ಕು ಸುಮ್ಮನಾಗಿ. ಲಕ್ಷಗಟ್ಟಲೆ ತಯಾರಾದ ಮೆಷಿನ್ ವಯಸ್ಸಾದ ಮಾತ್ರಕ್ಕೆ ದುಬಾರಿ ಆಗುವುದಿಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೇ ಸಿಂಗರ್ ಒಳಗೆ 'ಕೆಂಪು ಪಾದರಸ' ಇದೆಯೆಂದು ವದಂತಿ ಹಬ್ಬಿ ಜನ ಮುಗಿಬಿದ್ದಿದ್ದರು. ಅಂಥದ್ದೇನೂ ಇಲ್ಲ. ಒಳಗಿರುವುದು ಎರಕದ ಕಬ್ಬಿಣ, ಉಕ್ಕು, ಒಣಗಿದ ಎಣ್ಣೆ.

ಆ ಒಣಗಿದ ಎಣ್ಣೆಯೇ ನಿಮ್ಮ ಲಾಭ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೆಷಿನ್ನಿಗೆ ತೆಂಗಿನೆಣ್ಣೆ ಬಿಡುವ ಅಭ್ಯಾಸ. ಅದು ಚಳಿಗೆ ಹೆಪ್ಪುಗಟ್ಟುತ್ತದೆ, ವರ್ಷಗಟ್ಟಲೆ ಬಿಟ್ಟರೆ ಅಂಟಾಗಿ, ಕೊನೆಗೆ ವಾರ್ನಿಷ್‌ನಂತೆ ಗಟ್ಟಿಯಾಗುತ್ತದೆ. ಚಕ್ರ ತಿರುಗುವುದಿಲ್ಲ, ಮನೆಯವರು ಹಾಳಾಯಿತೆಂದು ಗುಜರಿಗೆ ಹಾಕುತ್ತಾರೆ. ಮೇಲೆ ಹೇಳಿದ ವಿನಾಯಿತಿ ಇದೇ: ಬಿಡಿಭಾಗ ಎಲ್ಲ ಇದ್ದು ಬರೀ ಜಾಮ್ ಆಗಿರುವ ಮೆಷಿನ್ನನ್ನು ಗುಜರಿಯಲ್ಲಿ ಕಬ್ಬಿಣದ ತೂಕಕ್ಕೆ ಕೊಂಡರೆ ನಷ್ಟವಿಲ್ಲ. ಆದರೆ ಯಾವ ಬಗೆಯ ಜಾಮ್ ಎಂದು ಗುರುತಿಸಬೇಕು.

ಸೂಜಿ ತೆಗೆದುಬಿಡಿ. ಚಕ್ರವನ್ನು ನಿಮ್ಮ ಕಡೆಗೆ ಮೆಲ್ಲಗೆ ತಿರುಗಿಸಿ. ಸುತ್ತಿನ ಉದ್ದಕ್ಕೂ ಒಂದೇ ಸಮ ಬಿಗಿಯಾಗಿದ್ದರೆ ಅದು ಎಣ್ಣೆಯ ಅಂಟು, ಬಿಡುತ್ತದೆ. ಮುಕ್ಕಾಲು ಸುತ್ತು ಸಲೀಸಾಗಿ ಬಂದು ಒಂದೇ ಜಾಗದಲ್ಲಿ ಮೆತ್ತಗೆ ತಡೆದರೆ ಶಟಲ್ ಸುತ್ತ ದಾರ ಸಿಕ್ಕಿಕೊಂಡಿದೆ, ಚಿಮಟ ಹಾಕಿದರೆ ಬರುತ್ತದೆ. ಅದೇ ಜಾಗದಲ್ಲಿ ಲೋಹಕ್ಕೆ ಲೋಹ ಬಡಿದಂತೆ 'ಟಣ್' ಎಂದು ನಿಂತರೆ ಸೂಜಿಕಂಬಿ ಬಗ್ಗಿದೆ ಅಥವಾ ಕೆಳಗೆ ದಾರ ಹಿಡಿಯುವ ಹುಕ್ ಜಾಗ ತಪ್ಪಿದೆ. ಅದು ಬೇಡ. ಚಕ್ರ ಗರಗರ ತಿರುಗುತ್ತಿದ್ದು ಸೂಜಿ ಮಾತ್ರ ಅಲುಗದಿದ್ದರೆ? ಚಕ್ರದ ನಡುವಿನ ತಿರುಪು ಸಡಿಲವಿರುತ್ತದೆ. ಬಾಬಿನ್ ಸುತ್ತುವಾಗ ಸಡಿಲಿಸಿ ಮರೆತಿರುತ್ತಾರೆ. ಬಿಗಿ ಮಾಡಿದರೂ ಹಿಡಿಯದಿದ್ದರೆ ಒಳಗಿನ ಕಿವಿಯಿರುವ ವಾಷರ್ ಉಲ್ಟಾ ಕೂತಿದೆ, ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಹಾಕಿದರೆ ಸರಿಹೋಗುತ್ತದೆ. ಇಷ್ಟಕ್ಕೇ 'ಕೆಟ್ಟ ಮೆಷಿನ್' ಎಂದು ಅರ್ಧ ಬೆಲೆಗೆ ಹೋದವು ಬೇಕಾದಷ್ಟು.

ಅಂಟು ಬಿಡಿಸುವ ಕ್ರಮ: ಎಣ್ಣೆ ಬಿಡುವ ತೂತುಗಳಿಗೆಲ್ಲ ಮೂರು ನಾಲ್ಕು ಹನಿ ಸೀಮೆಎಣ್ಣೆ, ಮೆಷಿನ್ನಿನ ತಲೆಯನ್ನು (ಸ್ಟ್ಯಾಂಡಿನ ಮೇಲಿನ ಹೊಲಿಯುವ ಭಾಗ) ಹಿಂದಕ್ಕೆ ಮಗುಚಿ ಕೆಳಗಿನ ಕೀಲುಗಳಿಗೂ ಅಷ್ಟೇ. ಸೀಮೆಎಣ್ಣೆ ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯ ಡಬ್ಲ್ಯೂಡಿ-40. ಒಂದು ರಾತ್ರಿ ಬಿಡಿ. ಬೆಳಿಗ್ಗೆ ಚಕ್ರವನ್ನು ಹಿಂದೆ ಮುಂದೆ ಒಂದೊಂದು ಇಂಚು ಅಲ್ಲಾಡಿಸಿ, ಮತ್ತೆ ಹನಿ ಹಾಕಿ. ಎರಡು ಮೂರು ದಿನ ಹಿಡಿಯಬಹುದು. ಸುತ್ತಿಗೆ ಮುಟ್ಟಬೇಡಿ, ಎರಕದ ಕಬ್ಬಿಣ ಬಗ್ಗುವುದಿಲ್ಲ, ಸೀಳುತ್ತದೆ. ಬಿಟ್ಟುಕೊಂಡ ಮೇಲೆ ಬಟ್ಟೆಯಿಂದ ಒರೆಸಿ, ಅವತ್ತೇ ಮೆಷಿನ್ ಎಣ್ಣೆ ಬಿಡಬೇಕು. ಸೀಮೆಎಣ್ಣೆ ಕೊಳೆ ಕರಗಿಸುತ್ತದೆಯೇ ಹೊರತು ಜಾರಿಕೆ ಕೊಡುವುದಿಲ್ಲ; ಹಾರಿಹೋದ ಮೇಲೆ ಲೋಹ ಬೋಳಾಗಿರುತ್ತದೆ, ಮಲೆನಾಡಿನ ತೇವಕ್ಕೆ ಅದು ಆಹ್ವಾನ. ಕೆಲಸವೆಲ್ಲ ಜಗಲಿಯಲ್ಲಿ, ಒಲೆಯಿಂದ ದೂರ. ಬಂಗಾರದ ಬಣ್ಣದ ಚಿತ್ತಾರದ ಮೇಲೆ ಸ್ಪಿರಿಟ್ಟು, ಥಿನ್ನರ್ ತಾಗಿಸಬೇಡಿ. ಹಳೇ ಸಿಂಗರ್ ಮೇಲೆ ಅರಗಿನ ಹೊಳಪು ಇರುತ್ತದೆ, ಸ್ಪಿರಿಟ್ ತಾಗಿದರೆ ಚಿತ್ತಾರವೂ ಬಟ್ಟೆಗೆ ಬರುತ್ತದೆ.

ರಿಪೇರಿ ಅಂಗಡಿಯ ಮೆಷಿನ್ ನಡೆಯುತ್ತದೆ ನಿಜ, ಆದರೆ ಅಲ್ಲಿ ಬೇರೆ ಅಪಾಯ: ಬಣ್ಣ. ಫಳಫಳ ಕಪ್ಪು ಬಣ್ಣ ಹೊಡೆದು ಹೊಸ ಸ್ಟಿಕ್ಕರ್ ಅಂಟಿಸಿರುತ್ತಾರೆ. ತಿರುಪುಗಳ ಸೀಳಿನೊಳಗೆ ಬಣ್ಣ ತುಂಬಿದ್ದರೆ ಬಿಚ್ಚಿ ನೋಡದೆ ಮೇಲಿಂದ ಮೇಲೆ ಬಳಿದಿದ್ದಾರೆ ಎಂದರ್ಥ. ಚಿನ್ನದ ಅಕ್ಷರ ಮಾಸಿ, ಹಾಸಿನ ಮುಂಭಾಗ ಸವೆದ ಮೆಷಿನ್ನೇ ಎಷ್ಟೋ ವಾಸಿ, ಅದು ದಿನಾ ಓಡಿದ್ದು. ಸವೆತವನ್ನು ಬೇರೆ ಕಡೆ ನೋಡಿ: ಚಕ್ರ ಹಿಡಿದು ಎಡ ಬಲ ಎಳೆದರೆ ಲೊಡಲೊಡ ಅನ್ನಬಾರದು, ಸೂಜಿಕಂಬಿ ಬೆರಳಲ್ಲಿ ಅಲ್ಲಾಡಿಸಿದರೆ ಅಕ್ಕಪಕ್ಕ ಆಡಬಾರದು, ಪಾದದ ಕೆಳಗಿನ ಹಲ್ಲುಗಳ ಮೇಲೆ ಉಗುರು ಎಳೆದರೆ ಚುಚ್ಚಬೇಕು, ನುಣುಪಾಗಿದ್ದರೆ ಬಟ್ಟೆ ಮುಂದೆ ಹೋಗದು.

ಕೊನೆಗೆ ಹೊಲಿದೇ ನೋಡಬೇಕು. ಹೋಗುವಾಗ ಜೇಬಿನಲ್ಲಿ 14ನೇ ನಂಬರಿನ ಹೊಸ ಸೂಜಿ, ಬಿಳಿ ಮತ್ತು ಕಪ್ಪು ದಾರ, ಒಂದು ಗೇಣು ಕಾಟನ್ ಬಟ್ಟೆ ಇರಲಿ. ಉಷಾ ಮತ್ತು 15ನೇ ಕ್ಲಾಸಿನಲ್ಲಿ ಸೂಜಿಯ ಚಪ್ಪಟೆ ಬದಿ ಎಡಕ್ಕೆ, ದಾರ ಪೋಣಿಸುವುದು ಬಲದಿಂದ ಎಡಕ್ಕೆ. ಬೇರೆ ಮೆಷಿನ್ನಾದರೆ ಸೂಜಿಯ ಉದ್ದ ಗೀರು ಯಾವ ಕಡೆ ಇದೆಯೋ ಆ ಕಡೆಯಿಂದ. ಮೇಲೆ ಬಿಳಿ, ಬಾಬಿನ್ನಿಗೆ ಕಪ್ಪು. ಬಟ್ಟೆ ಎರಡು ಮಡಿಕೆ ಮಾಡಿ ಒಂದು ಗೇಣು ಹೊಲಿಯಿರಿ. ಮೇಲ್ಗಡೆ ಕಪ್ಪು ಚುಕ್ಕೆ ಕಂಡರೆ ಮೇಲಿನ ಟೆನ್ಷನ್ (ದಾರದ ಎಳೆತ) ಬಿಗಿ, ಕೆಳಗಡೆ ಬಿಳಿ ಚುಕ್ಕೆ ಕಂಡರೆ ಸಡಿಲ. ಟೆನ್ಷನ್ ತಿರುಪು ತಿರುಗಿಸಿದರೆ ಬದಲಾಗುತ್ತದಾದರೆ ಚಿಂತೆಯಿಲ್ಲ. ಎಷ್ಟು ತಿರುಗಿಸಿದರೂ ಬದಲಾಗದಿದ್ದರೆ ಟೆನ್ಷನ್ ತಟ್ಟೆಗಳ ನಡುವೆ ಜೂಲು ಕೂತಿದೆ, ಇಲ್ಲವೇ ಸ್ಪ್ರಿಂಗ್ ಹೋಗಿದೆ. ಹೊಲಿಗೆ ಅಲ್ಲಲ್ಲಿ ಬಿಟ್ಟರೆ ಮೊದಲು ಸೂಜಿಯನ್ನು ಅನುಮಾನಿಸಿ, ಆಮೇಲೆ ಮೆಷಿನ್ನನ್ನು.

ಬೆಲ್ಟು, ಬಾಬಿನ್ ಸುತ್ತುವ ರಬ್ಬರ್ ಉಂಗುರ, ಬಾಬಿನ್ ಕೇಸ್ ಇಲ್ಲದಿದ್ದರೆ ಚೌಕಾಸಿಗೆ ನೆಪ ಮಾತ್ರ, ಸಣ್ಣ ಖರ್ಚು. ಕಾಲುಮಣೆಯ ಎರಕದ ಸ್ಟ್ಯಾಂಡ್ ಸೀಳಿದ್ದರೆ ಮಾತ್ರ ತಲೆಗಷ್ಟೇ ಬೆಲೆ ಕಟ್ಟಿ. ಎರಕಕ್ಕೆ ಮಾಮೂಲಿ ವೆಲ್ಡಿಂಗ್ ನಿಲ್ಲುವುದಿಲ್ಲ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಸೂಜಿ ಕಾಣುವ ಹಾಗೆ ಚಕ್ರ ತಿರುಗಿಸುವ ವಿಡಿಯೊ, ತಳದ ಫೋಟೊ ಎರಡೂ ಕೇಳಿ. ಕಳಿಸದವರಿಗೆ ಮುಂಗಡ ಕಳಿಸಬೇಡಿ. ಬಸ್ ಪಾರ್ಸೆಲ್‌ನಲ್ಲಿ ಬರುವುದಾದರೆ ತಲೆಯನ್ನು ಸ್ಟ್ಯಾಂಡಿನಿಂದ ಬಿಚ್ಚಿ ಬೇರೆ ಕಟ್ಟಿಸಿ. ದಾರಿಯಲ್ಲಿ ಮೊದಲು ಮುರಿಯುವುದು ಬಾಬಿನ್ ಸುತ್ತುವ ಕೈ ಮತ್ತು ದಾರದ ಕಡ್ಡಿ.

ಹಿತ್ತಾಳೆ, ತಾಮ್ರ, ಕಂಚು

ಅಯಸ್ಕಾಂತ ಒಂದು ಇಟ್ಟುಕೊಂಡರೆ ಕಬ್ಬಿಣಕ್ಕೆ ಹಿತ್ತಾಳೆ ಬಣ್ಣದ ಲೇಪ ಕೊಟ್ಟ ಸಾಮಾನು ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ ಅಯಸ್ಕಾಂತ ಹಿಡಿಯಲಿಲ್ಲ ಎಂದಾಕ್ಷಣ ಹಿತ್ತಾಳೆ ಎಂದಲ್ಲ. ತಳದಲ್ಲಿ, ಕಾಣದ ಜಾಗದಲ್ಲಿ ಸಣ್ಣಗೆ ಅರ ಎಳೆದರೆ ತಾಮ್ರ ಕೆಂಪು, ಹಿತ್ತಾಳೆ ಹಳದಿ. ಕಂಚು ಪೇಲವ, ತುಸು ಬಿಳಿಚು. ಕಂಚಿನಲ್ಲಿ ತಾಮ್ರದ ಜೊತೆ ಐದರಲ್ಲಿ ಒಂದು ಪಾಲಿನಷ್ಟು ತವರ, ಹಿತ್ತಾಳೆಯಲ್ಲಿ ತವರದ ಬದಲು ಸತು. ಬೆರಳ ಗಂಟಿನಿಂದ ತಟ್ಟಿದರೆ ಒಳ್ಳೆಯ ಕಂಚಿನ ಗಂಗಾಳ ಗಂಟೆಯಂತೆ ಎಳೆದು ನುಡಿಯುತ್ತದೆ. ಕೂದಲೆಳೆ ಸೀಳಿದ್ದರೂ 'ಟಪ್' ಎಂದು ಸತ್ತ ಸದ್ದು. ಸೀಳಿದ ಕಂಚಿಗೆ ಬೆಸುಗೆ ನಿಲ್ಲದು, ಗುಜರಿ ರೇಟಿಗೂ ಬೇಡ. ತುಂಬ ತವರ ಇರುವ ಲೋಹ ಬಗ್ಗುವುದಿಲ್ಲ, ಕೈಜಾರಿ ಬಿದ್ದರೆ ಒಡೆಯುತ್ತದೆ. ಮಕ್ಕಳಿರುವ ಮನೆಯಲ್ಲಿ ಊಟಕ್ಕೆ ಇಡುವ ಮುಂಚೆ ಇದನ್ನು ಯೋಚಿಸಿ.

ಬಚ್ಚಲ ಹಂಡೆಯಲ್ಲಿ ನೋಡಬೇಕಾದ್ದು ತಳ. ವರ್ಷಗಟ್ಟಲೆ ಕಟ್ಟಿಗೆ ಉರಿ ತಿಂದ ತಳ ತೆಳುವಾಗಿರುತ್ತದೆ, ಮಸಿ ಇರುವುದರಿಂದ ಕಣ್ಣಿಗೆ ಕಾಣದು. ಹಂಡೆ ಮಗುಚಿ ಹೆಬ್ಬೆರಳಿಂದ ನಡುಭಾಗ ಒತ್ತಿ. ಡಬಕ್ಕೆಂದು ಒಳಹೋಗಿ ಹೊರಬಂದರೆ ಇನ್ನೊಂದೆರಡು ಮಳೆಗಾಲದ ಆಯುಸ್ಸು. ಒಳಗಿನ ಬಿಳೀ ಕಕ್ಕು ನೀರಿನ ಸುಣ್ಣ; ಹುಣಸೆಹಣ್ಣೋ ವಾಟೆಹುಳಿಯೋ ಹಾಕಿ ನೆನೆಸಿದರೆ ಏಳುತ್ತದೆ. ಆದರೆ ಎಬ್ಬಿಸಿದ ಮೇಲೆ ಸೋರಲು ಶುರುವಾಗಬಹುದು, ಎಷ್ಟೋ ಸಲ ಆ ಕಕ್ಕೇ ತೂತು ಮುಚ್ಚಿರುತ್ತದೆ. ಆದ್ದರಿಂದ ನೀರು ತುಂಬಿಸಿ ಅರ್ಧ ಗಂಟೆ ಒಣ ಕಾಗದದ ಮೇಲೆ ಇಡಲು ಒಪ್ಪದವನ ಬಳಿ ಹಂಡೆ ಕೊಳ್ಳಬೇಡಿ.

ಅಡುಗೆಗೆ ಹಿತ್ತಾಳೆ ತಪ್ಪಲೆ ಬೇಕೆನ್ನುವವರು ಮೊದಲು ಕಲಾಯಿ ಹಾಕುವವರು ಎಲ್ಲಿದ್ದಾರೆ ಎಂದು ವಿಚಾರಿಸಿಕೊಳ್ಳಿ, ಆಮೇಲೆ ತಪ್ಪಲೆ. ಕಲಾಯಿ ಎಂದರೆ ಶುದ್ಧ ತವರದ ತೆಳು ಪದರ: ಪಾತ್ರೆ ಕಾಯಿಸಿ, ನವಸಾಗರ ಉಜ್ಜಿ, ತವರ ಸವರಿ ಹತ್ತಿಯಿಂದ ಎಳೆಯುತ್ತಾರೆ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ, ಗ್ಯಾಸಿನ ಉರಿಯಲ್ಲಿ ಖಾಲಿ ಪಾತ್ರೆ ಆ ಬಿಸಿಗೆ ಸಲೀಸಾಗಿ ಮುಟ್ಟುತ್ತದೆ. ಒಗ್ಗರಣೆಗೆಂದು ಬರಿದೇ ಕಾಯಿಸಿದರೆ ಕಲಾಯಿ ಗುಳ್ಳೆಯೆದ್ದು ಒಂದೆಡೆ ಸೇರುತ್ತದೆ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಟ್ಟರೆ ಕಿಲುಬು ಬಿಡುತ್ತದೆ, ಹೊಟ್ಟೆಗೆ ಹೋದರೆ ವಾಂತಿ. ಹತ್ತಿರದಲ್ಲಿ ಕಲಾಯಿಯವರು ಇಲ್ಲದಿದ್ದರೆ ಹಿತ್ತಾಳೆಯನ್ನು ನೀರಿಗೆ, ಪೂಜೆಗೆ, ಅಳತೆಗೆ ಇಟ್ಟುಕೊಂಡು ಅಡುಗೆಗೆ ಕಬ್ಬಿಣದ ಬಾಣಲೆ ಆರಿಸುವುದೇ ಜಾಣತನ. ತಳದಲ್ಲಿ ಬೂದು ಬಣ್ಣದ ಬೆಸುಗೆಯ ತೇಪೆ ಕಂಡರಂತೂ ಅಡುಗೆಗೆ ಬೇಡವೇ ಬೇಡ. ಹಳೇ ಬೆಸುಗೆಯಲ್ಲಿ ಸೀಸ ಇರುತ್ತದೆ.

ತೂಕ ಹಾಕಿಸುವ ಮುಂಚೆ ಕಬ್ಬಿಣದ ಹಿಡಿ, ಬಳೆ ಇದ್ದರೆ ಅದರ ತೂಕ ಕಳೆಯಲು ಹೇಳಿ. ಕಾಲುದೀಪದ ತಿರುಪುಗಳನ್ನೆಲ್ಲ ಬಿಚ್ಚಿ ನೋಡಿ, ಪೊಳ್ಳು ಬುಡಕ್ಕೆ ಅರಗು, ಸಿಮೆಂಟು ತುಂಬಿದ್ದೂ ಹಿತ್ತಾಳೆ ರೇಟಿಗೇ ತೂಗುತ್ತದೆ. ಚಕ್ಕುಲಿ ಒರಳಿನಲ್ಲಿ ಬಿಲ್ಲೆಗಳು ಎಲ್ಲ ಇವೆಯೇ ಎಂಬುದಕ್ಕಿಂತ ಒತ್ತುವ ದಿಂಡು ಕೊಳವೆಗೆ ಬಿಗಿಯಾಗಿ ಕೂರುತ್ತದೆಯೇ ಎಂಬುದು ದೊಡ್ಡದು; ಸುತ್ತ ಸಂದು ಬಿಟ್ಟಿದ್ದರೆ ಹಿಟ್ಟು ಕೆಳಗಿಳಿಯುವ ಬದಲು ಮೇಲೇರುತ್ತದೆ. ದೇವರ ಹಳೆಯ ವಿಗ್ರಹ ರಾಶಿಯಲ್ಲಿ ಕಂಡರೆ ಕೈಹಾಕಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ 100 ವರ್ಷ ದಾಟಿದ್ದು ಪುರಾತನ ವಸ್ತು, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಯಾವ ಗುಡಿಯಿಂದ ಬಂತೆಂದು ಗುಜರಿಯವನಿಗೂ ಗೊತ್ತಿರುವುದಿಲ್ಲ.

ಜಾಡಿ, ಮರಿಗೆ, ಕಾವಲಿ

ಅಪ್ಪೆಮಿಡಿ ಹಾಕಲು ಹಳೇ ಪಿಂಗಾಣಿ ಜಾಡಿಯೇ ಬೇಕೆನ್ನುವವರು ಹೊರಮೈ ನೋಡಿ ಕೊಳ್ಳಬೇಕು. ಹೊಳಪಿನಲ್ಲಿ ಜೇಡರಬಲೆಯಂಥ ಗೀರು ಇದ್ದೇ ಇರುತ್ತದೆ. ಆದರೆ ಆ ಗೀರಿನಗುಂಟ ಬಿಳೀ ಉಪ್ಪು ಹೂವಿನಂತೆ ಒಸರಿದ್ದರೆ ಒಳಗಿಂದ ಹೊರಗೆ ದಾರಿ ಇದೆ, ಮಿಡಿಯ ರಸ ಅಲ್ಲಿಂದಲೇ ಇಳಿಯುತ್ತದೆ. ಮಾರುವವರು ಉಪ್ಪನ್ನು ಒರೆಸಿಟ್ಟಿದ್ದರೂ ನೀರು ತುಂಬಿ ಒಂದು ರಾತ್ರಿ ಇಟ್ಟರೆ ಆ ಗೆರೆ ಕಪ್ಪಗೆ ತೇವ ತೋರಿಸುತ್ತದೆ. ಒಳಗಿನ ಹೊಳಪು ಎದ್ದುಹೋಗಿದ್ದರೆ ಹುಳಿ ಪದಾರ್ಥಕ್ಕೆ ಬೇಡ, ಅಕ್ಕಿ ಬೇಳೆಗೆ ಸರಿ.

ಕಲ್ಲಿನ ಮರಿಗೆ ಬಳಪದ ಕಲ್ಲಿನದು, ಮೆತ್ತಗಿನ ಜಾತಿ. ಒಳ್ಳೆಯದಾದರೆ ತಟ್ಟಿದಾಗ ಸಣ್ಣ ನಾದ ಇರುತ್ತದೆ. ಒಮ್ಮೆಗೇ ಕುದಿವ ನೀರು ಸುರಿದರೆ ಸೀಳಬಹುದು. ಉಗುರು ಬೆಚ್ಚಗಿನ ಅಕ್ಕಿ ತೊಳೆದ ನೀರಿನಲ್ಲಿ ಎರಡು ಮೂರು ದಿನ ನೆನೆಸಿ, ಒಣಗಿಸಿ, ಎಣ್ಣೆ ಸವರಿ ಪಳಗಿಸಿದ ಮೇಲೆ ತಂಬುಳಿ, ಮಜ್ಜಿಗೆಗೆ ಇದನ್ನು ಮೀರಿದ ಪಾತ್ರೆಯಿಲ್ಲ.

ದೋಸೆ ಕಾವಲಿಯ ತುಕ್ಕಿಗೆ ಹೆದರಬೇಡಿ, ಬಾಗಿರುವುದಕ್ಕೆ ಹೆದರಿ. ಸಿಮೆಂಟು ನೆಲದ ಮೇಲಿಟ್ಟು ಅಂಚು ಒತ್ತಿದರೆ ತೊಟ್ಟಿಲಾಡಬಾರದು. ತುಕ್ಕನ್ನು ಮರಳು, ತೆಂಗಿನ ನಾರು ಹಾಕಿ ತಿಕ್ಕಿ, ತೊಳೆದ ತಕ್ಷಣ ಒಲೆಯ ಮೇಲೆ ಒಣಗಿಸಿ. ಬಟ್ಟೆಯಲ್ಲಿ ಎಣ್ಣೆ ಸವರಿ, ಹೆಚ್ಚಾದ್ದನ್ನು ಒರೆಸಿ, ಹೊಗೆ ಬರುವ ತನಕ ಕಾಯಿಸಿ, ತಣಿಸಿ. ಹೀಗೆ ಮೂರು ನಾಲ್ಕು ಸಲ. ಎಣ್ಣೆ ಜಾಸ್ತಿ ಹಾಕಿದವರ ಕಾವಲಿ ಅಂಟಂಟಾಗಿ, ಮೊದಲ ದೋಸೆ ಕಿತ್ತು ಬರುತ್ತದೆ.

ಮರದ ಸಾಮಾನು

ತುರಿಯೋಮಣೆ, ಶ್ಯಾವಿಗೆ ಒರಳು, ಹೊಲಿಗೆ ಪೆಟ್ಟಿಗೆ ಯಾವುದಾದರೂ ಸರಿ, ತೂತು ಕಂಡಾಕ್ಷಣ ಬಿಡಬೇಕಿಲ್ಲ. ಕುಟ್ಟೆ ಹುಳ ಈಗಲೂ ಇದೆಯೇ ಎಂಬುದೇ ಪ್ರಶ್ನೆ. ಕಪ್ಪು ಕಾಗದದ ಮೇಲೆ ಒಂದು ವಾರ ಇಡಿ. ಹೊಸ ಪುಡಿ ಬಿದ್ದರೆ ಹುಳ ಜೀವಂತ. ಅಂಥದನ್ನು ಮನೆಯ ತೊಲೆ, ಕಪಾಟುಗಳಿಂದ ದೂರವಿಟ್ಟು ತೂತುಗಳಿಗೆ ಹುಳದ ಔಷಧಿ ಬಿಡಬೇಕು. ಬರೀ ಬಿಸಿಲಿಗಿಟ್ಟರೆ ಸಾಲದು. ಗೆದ್ದಲು ತಿಂದದ್ದು ಬೇರೆ: ಹೊರಗೆ ನೆಟ್ಟಗೆ ಕಂಡು, ಒತ್ತಿದರೆ ಬೆರಳು ಒಳಹೋಗುತ್ತದೆ. ಮಳೆಗಾಲದಲ್ಲಿ ಕೊಂಡ ಪೆಟ್ಟಿಗೆಯ ಡ್ರಾಯರ್ ಸಿಕ್ಕಿಕೊಂಡರೆ ಬಡಗಿಯಿಂದ ಹತ್ತರಿ ಹೊಡೆಸಬೇಡಿ. ಜನವರಿಗೆ ತಾನೇ ಸಡಿಲವಾಗುತ್ತದೆ, ಈಗ ಹೊಡೆಸಿದರೆ ಆಗ ಲೊಡ್ಡೆ.

ಪೆಟ್ಟಿಗೆಯೊಳಗಿನ ಚಿಲ್ಲರೆ

ಹೊಲಿಗೆ ಪೆಟ್ಟಿಗೆಯನ್ನು ಒಳಗಿನ ಸಾಮಾನಿನ ಸಮೇತ ಕೇಳಿ. ಮರದ ಉರುಳೆಯ ನೂಲು ನೋಡಲು ಚೆಂದ, ಹೊಲಿಯಲು ಅಲ್ಲ. ಒಂದು ಗೇಣು ಎಳೆದು ಜಗ್ಗಿದರೆ ಹಳೇ ಹತ್ತಿ ನೂಲು ಸದ್ದಿಲ್ಲದೆ ತುಂಡಾಗುತ್ತದೆ. ಕಪ್ಪೆಚಿಪ್ಪಿನ ಗುಂಡಿ ಕೆನ್ನೆಗೆ ಒತ್ತಿದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ಕಿನದು ತಣ್ಣಗಿರುವುದಿಲ್ಲ. ಹಿತ್ತಾಳೆ ಜಿಪ್ ಹಲ್ಲು ಪೂರ್ತಿ ಇದ್ದು ಜಾರದಿದ್ದರೆ ಮೇಣದಬತ್ತಿ ಉಜ್ಜಿದರೆ ಸಾಕು. ಟೈಲರ್ ಕತ್ತರಿಯನ್ನು ಒಣ ಬಟ್ಟೆಯಲ್ಲಲ್ಲ, ಒದ್ದೆ ಮಾಡಿ ಹಿಂಡಿದ ತೆಳು ಮಲ್ಲಿನ ಬಟ್ಟೆಯಲ್ಲಿ ಪರೀಕ್ಷಿಸಿ: ತುದಿಯ ತನಕ ಕತ್ತರಿಸಿದರೆ ಸಾಣೆ ಹಿಡಿಸಿ ವರ್ಷಗಟ್ಟಲೆ ಬಳಸಬಹುದು, ಅಲಗುಗಳ ನಡುವೆ ಬಟ್ಟೆ ಮಡಚಿಕೊಂಡರೆ ಮೊದಲು ನಡುವಿನ ತಿರುಪು ಬಿಗಿ ಮಾಡಿ ಮತ್ತೊಮ್ಮೆ ನೋಡಿ. ಆಗಲೂ ಮಡಚಿದರೆ ಅಲಗು ಬಾಗಿದೆ. ಸಾಣೆಯವರು ಅಂಚನ್ನು ಹರಿತ ಮಾಡಿಕೊಡುತ್ತಾರೆ, ಬಾಗಿದ ಅಲಗನ್ನು ನೇರ ಮಾಡಿಕೊಡುವುದಿಲ್ಲ.